ಜೀವಕೋಶದ ಎಳೆ ಎಣಿಸಿದ ಜಾನಕಿ ಅಮ್ಮಾಳ್

ಕಬ್ಬು ನಾಟಿ ಮಾಡುವಾಗ ನೀವು ಬೀಜ ಬಿತ್ತುವುದಿಲ್ಲ. ಎರಡು ಕಣ್ಣಿನ ಅಥವಾ ಮೂರು ಕಣ್ಣಿನ ತುಂಡನ್ನು ಸಾಲಿನಲ್ಲಿ ಮಲಗಿಸಿ ಮಣ್ಣು ಮುಚ್ಚುತ್ತೀರಿ. ಆ ಕಣ್ಣಿನಿಂದ ಎದ್ದ ಕಬ್ಬು ತಾಯಿ ಕಬ್ಬಿನಂತೆಯೇ ಇರುತ್ತದೆ. ಅದೇ ಬಣ್ಣ, ಅದೇ ಗೆಣ್ಣು, ಅದೇ ಸಿಹಿ. ಕೂಳೆ ಬಿಟ್ಟರೂ ತಳಿ ಬದಲಾಗುವುದಿಲ್ಲ. ಆದರೆ ಸೂಲಂಗಿ ಬಿಟ್ಟ ಕಬ್ಬಿನ ನಯವಾದ ನೊರೆಯಂಥ ಬೀಜವನ್ನು ಮಡಿಯಲ್ಲಿ ಚೆಲ್ಲಿ ಸಸಿ ಎಬ್ಬಿಸಿ ನೋಡಿದರೆ ನೂರು ಸಸಿ ನೂರು ಬಗೆ. ಒಂದು ದಪ್ಪ, ಒಂದು ಜೊಂಡಿನಂತೆ ಸಣಕಲು, ಒಂದಕ್ಕೆ ಸಿಹಿಯೇ ಇಲ್ಲ. ಒಂದೇ ಗಿಡದ ಕಣ್ಣಿಗೂ ಬೀಜಕ್ಕೂ ಇಷ್ಟು ಅಂತರವೇಕೆ? ಇದಕ್ಕೆ ಉತ್ತರ ಇರುವುದು ಜೀವಕೋಶವು ಬೆಳೆದು, ತನ್ನ ಪ್ರತಿ ತೆಗೆದು, ಎರಡಾಗಿ ಒಡೆಯುವ ಕ್ರಮದಲ್ಲಿ. ಆ ಕ್ರಮವನ್ನು ಸೂಕ್ಷ್ಮದರ್ಶಕದ ಕೆಳಗೆ ನೋಡುತ್ತಲೇ ಐವತ್ತು ವರ್ಷಕ್ಕೂ ಹೆಚ್ಚು ಕಾಲ ಕಳೆದ ಡಾ. ಇ. ಕೆ. ಜಾನಕಿ ಅಮ್ಮಾಳ್ ಅವರ ಜೀವನವನ್ನು ಈ ವಾರ ನಿಮ್ಮ ಮುಂದಿಡುತ್ತಿದ್ದೇನೆ.

ಜಾನಕಿ ಅಮ್ಮಾಳ್ ಹುಟ್ಟಿದ್ದು 1897ರ ನವೆಂಬರ್ 4ರಂದು, ಮಲಬಾರಿನ ತಲಚೇರಿಯಲ್ಲಿ. ಆಗ ಅದು ಮದ್ರಾಸು ಪ್ರಾಂತಕ್ಕೆ ಸೇರಿತ್ತು. ತಂದೆ ಕೃಷ್ಣನ್ ಅವರು ಸಬ್ ಜಡ್ಜ್ ಆಗಿದ್ದವರು. ಕೋರ್ಟಿನ ಕೆಲಸ ಮುಗಿದರೆ ಅವರ ಮನಸ್ಸೆಲ್ಲ ತೋಟದ ಮೇಲೆ, ಹಕ್ಕಿಗಳ ಮೇಲೆ. ಎರಡು ಮದುವೆಯಿಂದ ಒಟ್ಟು ಹತ್ತೊಂಬತ್ತು ಮಕ್ಕಳಿದ್ದ ದೊಡ್ಡ ಸಂಸಾರ. ಕುಟುಂಬ ತೀಯ ಸಮುದಾಯದ್ದು. ಅಂದಿನ ಮಲಬಾರಿನಲ್ಲಿ ಮೇಲುಜಾತಿಯವರು ದೂರವಿಡುತ್ತಿದ್ದ ಸಮುದಾಯ. ಆ ಕಾಲದ ಹೆಣ್ಣುಮಕ್ಕಳಿಗೆ ಓದು ಅಂದರೆ ಮದುವೆಯಾಗುವವರೆಗೆ ಮಾತ್ರ. ಅಕ್ಕಂದಿರು ಒಬ್ಬೊಬ್ಬರಾಗಿ ಮದುವೆಯಾದರು. ಜಾನಕಿಯವರಿಗೂ ಸಂಬಂಧದಲ್ಲೇ ಒಂದು ಗಂಡು ಗೊತ್ತಾಗಿತ್ತು. ಅವರು ಅದನ್ನು ಬಿಟ್ಟು ಓದನ್ನು ಹಿಡಿದರು. ಮುಂದೆ ಮದುವೆಯ ಮಾತನ್ನೇ ಎತ್ತಲಿಲ್ಲ.

ಮದ್ರಾಸಿನ ಕ್ವೀನ್ ಮೇರಿ ಕಾಲೇಜು, ಆಮೇಲೆ ಪ್ರೆಸಿಡೆನ್ಸಿ ಕಾಲೇಜಿನಲ್ಲಿ 1921ರಲ್ಲಿ ಸಸ್ಯಶಾಸ್ತ್ರದ ಆನರ್ಸ್ ಪದವಿ. ಕೆಲಕಾಲ ಮದ್ರಾಸಿನ ವಿಮೆನ್ಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಪಾಠ ಹೇಳಿದರು. ಅಷ್ಟರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯವು ಏಷ್ಯದ ಹೆಣ್ಣುಮಕ್ಕಳಿಗಾಗಿ ಕೊಡುತ್ತಿದ್ದ ಬಾರ್ಬರ್ ವಿದ್ಯಾರ್ಥಿವೇತನ ದೊರೆಯಿತು. ಹಡಗು ಹತ್ತಿ ಹೋದರು. ಅಲ್ಲಿ ಎಂ.ಎಸ್ಸಿ. ಮಾಡಿ ಬಂದು, ಮತ್ತೆ ಹೋಗಿ, 1931ರಲ್ಲಿ ಡಾಕ್ಟರೇಟ್ ಪಡೆದರು. ಸಸ್ಯಶಾಸ್ತ್ರದಲ್ಲಿ ಅಮೆರಿಕದ ಡಾಕ್ಟರೇಟ್ ಪಡೆದ ಮೊದಲ ಭಾರತೀಯ ಮಹಿಳೆಯರಲ್ಲಿ ಅವರೂ ಒಬ್ಬರು.

ಅವರು ಅಲ್ಲಿ ಕಲಿತ ವಿದ್ಯೆ ಯಾವುದು ಎಂಬುದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ನಿಮ್ಮ ಹೊಲದ ಈರುಳ್ಳಿ ಗಡ್ಡೆಯನ್ನು ನೀರು ತಾಗುವಂತೆ ಲೋಟದ ಬಾಯಿಯ ಮೇಲೆ ಇಟ್ಟರೆ ಕೆಲವೇ ದಿನದಲ್ಲಿ ಬಿಳಿ ಬೇರು ಇಳಿಯುತ್ತದೆ. ಆ ಬೇರಿನ ತುದಿಯಲ್ಲಿ ಜೀವಕೋಶಗಳು ಎಡೆಬಿಡದೆ ಒಡೆಯುತ್ತಿರುತ್ತವೆ. ಬೇರು ಉದ್ದವಾಗುವುದು ಹೀಗೆಯೇ. ಒಂದು ಕೋಶ ಬೆಳೆದು ಎರಡಾಗುತ್ತದೆ, ಎರಡು ನಾಲ್ಕಾಗುತ್ತವೆ. ತುದಿಯನ್ನು ಕತ್ತರಿಸಿ, ಔಷಧದಲ್ಲಿ ಅದ್ದಿ ಕೋಶಗಳನ್ನು ಇದ್ದ ಸ್ಥಿತಿಯಲ್ಲೇ ನಿಲ್ಲಿಸಿ, ಬಣ್ಣ ಹಾಕಿ, ಗಾಜಿನ ಮೇಲೆ ಒತ್ತಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೋಶದ ನಡುವೆ ಗಾಢ ಬಣ್ಣದ ಎಳೆಗಳು ಕಾಣುತ್ತವೆ. ಅವೇ ವರ್ಣತಂತುಗಳು; ಇಂಗ್ಲಿಷಿನಲ್ಲಿ ಕ್ರೋಮೋಸೋಮ್ ಎನ್ನುತ್ತಾರೆ. ಈರುಳ್ಳಿಗೆ 16. ಗಿಡ ಎತ್ತರವೋ ಗಿಡ್ಡವೋ, ಕಾಯಿ ಉದ್ದವೋ ಗುಂಡೋ ಎಂಬ ಎಲ್ಲ ಲೆಕ್ಕವೂ ಈ ಎಳೆಗಳಲ್ಲಿ ಬರೆದಿದೆ.

ಅಣ್ಣತಮ್ಮಂದಿರು ಪಾಲಾದರೆ ಎಂಟು ಎಕರೆ ನಾಲ್ಕು ನಾಲ್ಕು ಆಗುತ್ತದೆ. ಕೋಶದಲ್ಲಿ ಹಾಗಲ್ಲ. ಒಡೆಯುವುದಕ್ಕೆ ಮೊದಲೇ ಅದು ತನ್ನ ಪ್ರತಿಯೊಂದು ಎಳೆಗೂ ತದ್ವತ್ ಇನ್ನೊಂದು ಎಳೆ ಮಾಡಿಟ್ಟುಕೊಳ್ಳುತ್ತದೆ. ಎಳೆಯೊಳಗಿನ ಡಿ.ಎನ್.ಎ. ಎಂಬ ವಸ್ತು ಎರಡು ಹುರಿಯ ಹಗ್ಗದಂತಿದೆ ಎಂಬುದು 1953ರಲ್ಲಿ ತಿಳಿದುಬಂತು. ಹುರಿ ಬಿಚ್ಚಿಕೊಂಡು, ಒಂದೊಂದು ಹುರಿಯೂ ತನಗೆ ಸರಿಹೊಂದುವ ಹೊಸ ಜೊತೆಯನ್ನು ಕಟ್ಟಿಕೊಳ್ಳುತ್ತದೆ. ಒಂದು ಹಗ್ಗ ಇದ್ದದ್ದು ಎರಡಾಗುತ್ತದೆ. ಆಮೇಲೆ ಕೋಶದ ಆ ತುದಿಯಿಂದ ಈ ತುದಿಯವರೆಗೆ ನೂಲುವ ಕದಿರಿನ ಆಕಾರದಲ್ಲಿ ಸಣ್ಣ ನಾರುಗಳು ಏಳುತ್ತವೆ. ಎಳೆಗಳೆಲ್ಲ ನಡುವೆ ಸಾಲಾಗಿ ನಿಲ್ಲುತ್ತವೆ. ನಾರುಗಳು ಒಂದು ಪ್ರತಿಯನ್ನು ಆ ಕಡೆಗೂ ಇನ್ನೊಂದು ಪ್ರತಿಯನ್ನು ಈ ಕಡೆಗೂ ಎಳೆದುಕೊಳ್ಳುತ್ತವೆ. ನಡುವೆ ಗೋಡೆ ಬೀಳುತ್ತದೆ. ಎರಡು ಮನೆಗೂ ಪೂರ್ತಿ 16 ಎಳೆ, ಯಾರಿಗೂ ಕಡಿಮೆಯಿಲ್ಲ. ಕಬ್ಬಿನ ಕಣ್ಣು ಚಿಗುರುವುದು, ಕೂಳೆ ಏಳುವುದು, ಬಾಳೆ ಮರಿ ಹಾಕುವುದು ಎಲ್ಲವೂ ಈ ವಿಭಜನೆಯಿಂದಲೇ. ಆದ್ದರಿಂದ ತಾಯಿಯ ಗುಣ ತಪ್ಪುವುದಿಲ್ಲ.

ಹೂವಿನ ಪರಾಗ ಮತ್ತು ಅಂಡ ಹುಟ್ಟುವಾಗ ಮಾತ್ರ ಲೆಕ್ಕ ಬೇರೆ. ಅಲ್ಲಿ ಎಳೆಗಳು ಜೋಡಿ ಎತ್ತುಗಳಂತೆ ಎರಡೆರಡಾಗಿ ಒಂದರ ಪಕ್ಕ ಒಂದು ನಿಲ್ಲಬೇಕು, ಆಮೇಲೆ ಬೇರೆಯಾಗಿ ಅರ್ಧ ಅರ್ಧ ಹಂಚಿಕೆಯಾಗಬೇಕು. ತಂದೆಯ ಅರ್ಧ, ತಾಯಿಯ ಅರ್ಧ ಬೀಜದಲ್ಲಿ ಕೂಡುತ್ತವೆ. ಬೀಜದ ಸಸಿ ನೂರು ಬಗೆಯಾಗುವುದು ಈ ಹಂಚಿಕೆಯಲ್ಲಿ. ಜೋಡಿ ಸಿಗದ ಎಳೆ ಇದ್ದರೆ ಹಂಚಿಕೆ ಕೆಟ್ಟು ಬೀಜವೇ ಕಟ್ಟುವುದಿಲ್ಲ. ಕಾಡು ಬಾಳೆಗೆ ಎಳೆ 22. ಹಣ್ಣಿನ ತುಂಬ ಕಲ್ಲಿನಂಥ ಬೀಜ. ನೀವು ಬೆಳೆಯುವ ಪುಟ್ಟಬಾಳೆಗೆ, ನಂಜನಗೂಡು ರಸಬಾಳೆಗೆ 33, ಅಂದರೆ ಹನ್ನೊಂದರ ಮೂರು ಪಾಲು. ಮೂರು ಎತ್ತನ್ನು ಒಂದು ನೊಗಕ್ಕೆ ಹೂಡಲಾಗದು. ಹಾಗಾಗಿ ಬೀಜವಿಲ್ಲ. ಹಣ್ಣಿನ ನಡುವೆ ಕಾಣುವ ಸಣ್ಣ ಕಪ್ಪು ಚುಕ್ಕೆಗಳು ಬೀಜವಾಗದೆ ಸೋತ ಅಂಡಗಳು.

ಈ ಎಳೆಗಳ ಎಣಿಕೆಯೇ ಜಾನಕಿ ಅಮ್ಮಾಳರ ಕಸುಬಾಯಿತು. ಹೇಳುವಷ್ಟು ಸುಲಭದ ಕೆಲಸವಲ್ಲ. ಕೋಶ ಒಡೆಯುವ ಗಳಿಗೆಯಲ್ಲಿ ಮಾತ್ರ ಎಳೆಗಳು ಕುಗ್ಗಿ, ದಪ್ಪವಾಗಿ, ಎಣಿಸುವಂತೆ ಕಾಣುವುದು. ಆ ಹೊತ್ತು ತಪ್ಪಿದರೆ ಕೋಶದಲ್ಲಿ ಕಾಣುವುದು ಬರಿಯ ಬಣ್ಣದ ಮುದ್ದೆ. ಮಿಷಿಗನ್ನಿನಿಂದ ಬಂದ ಮೇಲೆ 1932ರಿಂದ 1934ರವರೆಗೆ ತಿರುವನಂತಪುರದ ಮಹಾರಾಜರ ವಿಜ್ಞಾನ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದರು. ನಮ್ಮ ಬದನೆಯ ಎಳೆಗಳನ್ನು ನೋಡಿ ಅವರು ಬರೆದ ಲೇಖನ 1934ರಲ್ಲಿ ಅಚ್ಚಾಯಿತು. ಬದನೆಗೆ ಸಾಮಾನ್ಯವಾಗಿ ಎಳೆ 24. ಒಮ್ಮೊಮ್ಮೆ ಒಂದೂವರೆ ಪಟ್ಟು, ಎರಡು ಪಟ್ಟು ಎಳೆ ಹೊತ್ತ ಗಿಡವೂ ಹುಟ್ಟುವುದುಂಟು. ನಿಮ್ಮ ಮಡಿಯಲ್ಲಿ ಎಲೆ ದಪ್ಪವಾಗಿ, ಹೂ ದೊಡ್ಡದಾಗಿ, ಕಾಯಿ ಮಾತ್ರ ಕಟ್ಟದ ಒಂಟಿ ಗಿಡ ಎಂದಾದರೂ ಕಂಡಿದ್ದರೆ ಅದು ಇಂಥದ್ದೂ ಇರಬಹುದು.

1934ರಲ್ಲಿ ಅವರು ಕೊಯಮತ್ತೂರಿನ ಕಬ್ಬು ತಳಿ ಸಂವರ್ಧನಾ ಕೇಂದ್ರಕ್ಕೆ ತಳಿಶಾಸ್ತ್ರಜ್ಞೆಯಾಗಿ ಬಂದರು. ಈ ಕೇಂದ್ರದ ಕಥೆ ಕಬ್ಬಿನ ರೈತರಾದ ನಿಮಗೆ ಗೊತ್ತಿರಬೇಕಾದದ್ದು. ನೀವು ಬೆಳೆದ ಕೋ-419, ಕೋ-62175, ಈಗಿನ ಕೋ-86032, ಇವುಗಳ ಹೆಸರಿನಲ್ಲಿರುವ ಕೋ ಎಂದರೆ ಕೊಯಮತ್ತೂರು. 1912ರಲ್ಲಿ ಆ ಕೇಂದ್ರ ಅಲ್ಲಿ ಶುರುವಾಗಲು ಒಂದು ಕಾರಣ, ಅಲ್ಲಿನ ಹವೆಯಲ್ಲಿ ಕಬ್ಬು ಚೆನ್ನಾಗಿ ಸೂಲಂಗಿ ಬಿಟ್ಟು ಮೊಳೆಯುವ ಬೀಜ ಕೊಡುತ್ತದೆ. ಅದಕ್ಕೂ ಹಿಂದೆ ಮೈಸೂರು ಸೀಮೆಯಲ್ಲಿ ರಸದಾಳಿ, ಪಟ್ಟಾಪಟ್ಟಿ ಬೆಳೆಯುತ್ತಿದ್ದರು. ಬಾಯಿಗೆ ಸಿಹಿ, ಆದರೆ ಇಂಥ ದಪ್ಪ ಕಬ್ಬು ನೀರಿನ ಕೊರತೆಯನ್ನೂ ರೋಗವನ್ನೂ ತಡೆಯುವುದು ಕಷ್ಟ. ಉತ್ತರ ಭಾರತದ ಕಬ್ಬು ಬೆರಳುಗಾತ್ರದ ಸಣ್ಣ ಕಡ್ಡಿ, ಇಳುವರಿ ಅತಿ ಕಡಿಮೆ. ದೇಶಕ್ಕೆ ಬೇಕಾದ ಸಕ್ಕರೆಯ ದೊಡ್ಡ ಪಾಲು ಜಾವಾದಿಂದ ಹಡಗಿನಲ್ಲಿ ಬರುತ್ತಿತ್ತು. ಆಗ ಸಿ. ಎ. ಬಾರ್ಬರ್, ಅವರ ನಂತರ ಟಿ. ಎಸ್. ವೆಂಕಟರಾಮನ್, ಕೊಯಮತ್ತೂರಿನ ಹಳ್ಳದ ದಂಡೆಯ ಕಾಡು ಕಬ್ಬಿನ ಪರಾಗವನ್ನು ವೆಳ್ಳೈ ಎಂಬ ದಪ್ಪ ಸಿಹಿ ಕಬ್ಬಿಗೆ ಕೂಡಿಸಿದರು. ಕಾಡು ಕಬ್ಬೆಂದರೆ ಬಿಳಿ ಗರಿಯ ಒಂದು ಒರಟು ಹುಲ್ಲು. ಸಿಹಿ ಇಲ್ಲ, ಆದರೆ ಬರ, ಕೆಂಪು ಕೊಳೆ ರೋಗ, ಜೌಗು ಯಾವುದಕ್ಕೂ ಬಗ್ಗದು. ಹೀಗೆ ಹುಟ್ಟಿದ ಕೋ-205 ತಳಿ 1918ರಲ್ಲಿ ಪಂಜಾಬಿನ ರೈತರ ಕೈ ಸೇರಿತು.

ಇಲ್ಲಿ ಒಂದು ಮಾತು. ಭಾರತದ ಕಬ್ಬಿಗೆ ಸಿಹಿ ತಂದವರೇ ಜಾನಕಿ ಅಮ್ಮಾಳ್ ಎಂದು ಕೆಲವು ಕಡೆ ಬರೆಯುತ್ತಾರೆ. ಅದು ಹೆಚ್ಚಾಯಿತು. ಅವರು ಕೊಯಮತ್ತೂರಿಗೆ ಬರುವ ಹದಿನಾರು ವರ್ಷ ಮೊದಲೇ ಕೋ ಕಬ್ಬು ಹೊಲಕ್ಕೆ ಇಳಿದಿತ್ತು. ಅವರ ಹಿರಿಮೆ ಬೇರೆಡೆ ಇದೆ. ಕೂಡಿಸಿದ್ದು ಏಕೆ ಕೂಡಿತು, ಕೂಡದ್ದು ಏಕೆ ಕೂಡಲಿಲ್ಲ ಎಂಬುದನ್ನು ಕೋಶದೊಳಗೆ ಹೊಕ್ಕು ನೋಡಿದವರಲ್ಲಿ ಅವರು ಒಬ್ಬರು. ತಳಿ ಮಾಡುವವನಿಗೆ ಇದು ಗೊತ್ತಿಲ್ಲದಿದ್ದರೆ ಕತ್ತಲೆಯಲ್ಲಿ ಕೈಯಾಡಿಸಿದಂತೆ. ಸಾವಿರ ಸಸಿ ಎಬ್ಬಿಸಿ ಒಂದನ್ನು ಹುಡುಕಬೇಕು.

ಕಬ್ಬಿನ ಲೆಕ್ಕ ವಿಚಿತ್ರವಾದದ್ದು. ದಪ್ಪ ಸಿಹಿ ಕಬ್ಬಿಗೆ ಎಳೆ 80. ಕೊಯಮತ್ತೂರಿನ ಕಾಡು ಕಬ್ಬಿಗೆ 64. ಕೂಡಿಸಿದರೆ ತಾಯಿಯಿಂದ 40, ತಂದೆಯಿಂದ 32, ಒಟ್ಟು 72 ಬರಬೇಕು. ಕೋ-205ರಲ್ಲಿ ಇರುವುದು 112! ತಾಯಿ ಕಬ್ಬು ಈ ಸಂಬಂಧದಲ್ಲಿ ಅರ್ಧ ಹಂಚದೆ ತನ್ನ ಪೂರ್ತಿ 80 ಎಳೆಯನ್ನೂ ಮಗುವಿಗೆ ಕೊಟ್ಟುಬಿಡುತ್ತದೆ. ಜಾವಾದಲ್ಲಿ ಕೆಲಸ ಮಾಡಿದ ಡಚ್ ವಿಜ್ಞಾನಿ ಬ್ರೆಮರ್ ಇದನ್ನು ಮೊದಲು ಕಂಡವರು. ಕಾಡು ಹುಲ್ಲಿನ ರಕ್ತ ಸೇರಿದರೂ ಸಿಹಿ ಪೂರ್ತಿ ಹೋಗದಿರುವುದು, ಮತ್ತೆ ಸಿಹಿ ಕಬ್ಬಿಗೆ ಕೂಡಿಸಿದಾಗ ಬೇಗನೆ ಸಿಹಿ ಮರಳುವುದು ಇದರಿಂದಲೇ. ಇಂದು ನಿಮ್ಮ ಹೊಲದಲ್ಲಿರುವ ಕಬ್ಬಿನ ಒಂದೊಂದು ಕೋಶದಲ್ಲೂ ನೂರರಿಂದ ನೂರಮೂವತ್ತರವರೆಗೆ ಎಳೆಗಳಿವೆ. ಮನುಷ್ಯನಿಗೆ ಇರುವುದು 46.

ಜಾನಕಿ ಅಮ್ಮಾಳ್ ದೇಶದ ನಾನಾ ಕಡೆಯ ಕಾಡು ಕಬ್ಬನ್ನು ತರಿಸಿ ಒಂದೊಂದರ ಎಳೆ ಎಣಿಸಿದರು. 1936ರಲ್ಲಿ ಆ ಲೆಕ್ಕದ ಮೊದಲ ಭಾಗ ಹೊರಬಂತು. ಹೊರಗೆ ನೋಡಲು ಎಲ್ಲವೂ ಒಂದೇ ಹುಲ್ಲು, ಒಳಗೆ ಮಾತ್ರ ಒಂದೊಂದು ಕಡೆಯದಕ್ಕೆ ಒಂದೊಂದು ಸಂಖ್ಯೆ. ಯಾವ ಹುಲ್ಲನ್ನು ಯಾವ ಕಬ್ಬಿಗೆ ಕೂಡಿಸಿದರೆ ಫಲ ಎಂಬುದಕ್ಕೆ ಈ ಎಣಿಕೆ ದಾರಿ. ಕಬ್ಬಿನ ನೆಂಟ ಹುಲ್ಲುಗಳನ್ನೂ ಕಬ್ಬಿಗೆ ಕೂಡಿಸಿ ನೋಡಿದರು. ಮುಸುಕಿನ ಜೋಳಕ್ಕೇ ಕೂಡಿಸಿ ಸಸಿ ಪಡೆದರು. ಆ ವರದಿ 1938ರಲ್ಲಿ ಇಂಗ್ಲೆಂಡಿನ ನೇಚರ್ ಪತ್ರಿಕೆಯಲ್ಲಿ ಬಂತು. ಜೋಳ–ಕಬ್ಬಿನ ಆ ಸಂಬಂಧದಿಂದ ರೈತನಿಗೆ ತಳಿಯೇನೂ ದಕ್ಕಲಿಲ್ಲ. ಇಷ್ಟು ದೂರದ ಎರಡು ಬೆಳೆಯ ಎಳೆಗಳು ಒಂದೇ ಕೋಶದಲ್ಲಿ ಬಾಳಬಲ್ಲವು ಎಂಬ ತಿಳಿವಳಿಕೆ ದಕ್ಕಿತು.

ಕೊಯಮತ್ತೂರಿನ ಬದುಕು ಅವರಿಗೆ ಹಿತವಾಗಿರಲಿಲ್ಲ. ಮದುವೆಯಾಗದ ಹೆಂಗಸು, ಕೆಳಗೆಂದು ಎಣಿಸಿದ ಜಾತಿ, ಮೇಲಾಗಿ ವಿದೇಶಿ ಡಾಕ್ಟರೇಟ್. ಗಂಡಸರೇ ತುಂಬಿದ್ದ ಕಚೇರಿಯಲ್ಲಿ ಸಹೋದ್ಯೋಗಿಗಳೊಂದಿಗೆ ಹೊಂದಾಣಿಕೆ ಆಗಲಿಲ್ಲ. ಅವರೂ ಬಗ್ಗುವ ಸ್ವಭಾವದವರಲ್ಲ. ಆದರೆ ಹೊರಗಿನ ಕಣ್ಣಿಗೆ ಅವರ ಕೆಲಸ ಬಿದ್ದಿತ್ತು. ಸರ್ ಸಿ. ವಿ. ರಾಮನ್ ಅವರು 1934ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಭಾರತೀಯ ವಿಜ್ಞಾನ ಅಕಾಡೆಮಿ ಮರುವರ್ಷವೇ ಅವರನ್ನು ಫೆಲೋ ಆಗಿ ಆರಿಸಿತು.

1939ರ ಆಗಸ್ಟಿನಲ್ಲಿ ಎಡಿನ್‌ಬರೋದಲ್ಲಿ ಅಂತರರಾಷ್ಟ್ರೀಯ ತಳಿಶಾಸ್ತ್ರ ಸಮ್ಮೇಳನ. ಜಾನಕಿ ಅಮ್ಮಾಳ್ ಅದಕ್ಕೆ ಹೋದರು. ಸಮ್ಮೇಳನದ ಬೆನ್ನಿಗೇ ಎರಡನೆಯ ಮಹಾಯುದ್ಧ ಶುರುವಾಯಿತು. ಅವರು ಅಲ್ಲೇ ಉಳಿದರು. 1940ರಿಂದ 1945ರವರೆಗೆ ಲಂಡನ್ನಿನ ಅಂಚಿನ ಮರ್ಟನ್‌ನಲ್ಲಿದ್ದ ಜಾನ್ ಇನ್ಸ್ ತೋಟಗಾರಿಕೆ ಸಂಸ್ಥೆಯಲ್ಲಿ ಕೋಶಶಾಸ್ತ್ರಜ್ಞೆಯಾಗಿ ಕೆಲಸ. ರಾತ್ರಿ ಲಂಡನ್ನಿನ ಮೇಲೆ ಜರ್ಮನರ ಬಾಂಬು, ಹಗಲು ಸೂಕ್ಷ್ಮದರ್ಶಕ. ಅಲ್ಲಿನ ಮುಖ್ಯಸ್ಥ ಸಿ. ಡಿ. ಡಾರ್ಲಿಂಗ್ಟನ್ ಅವರ ಜೊತೆಗೂಡಿ, ಲೋಕದಲ್ಲಿ ಬೆಳೆಯುವ ಸಾವಿರಾರು ಗಿಡಗಳ ವರ್ಣತಂತು ಸಂಖ್ಯೆಯನ್ನೆಲ್ಲ ಒಂದು ಕಡೆ ತಂದು 1945ರಲ್ಲಿ ಪುಸ್ತಕ ಹೊರಡಿಸಿದರು. ಸಾಗುವಳಿ ಸಸ್ಯಗಳ ವರ್ಣತಂತು ಕೋಶ ಎನ್ನಬಹುದಾದ ಈ ಗ್ರಂಥ ತಳಿ ತಜ್ಞರಿಗೆ ಪಂಚಾಂಗದಂತಾಯಿತು. ಪಂಚಾಂಗ ನೋಡಿ ಲಗ್ನ ಇಡುವಂತೆ, ಎಳೆಯ ಸಂಖ್ಯೆ ನೋಡಿ ಸಂಬಂಧ ಕೂಡಿಸುವುದು.

ಇದರ ಉಪಯೋಗಕ್ಕೆ ನಮ್ಮ ಹತ್ತಿಯನ್ನೇ ನೋಡಿ. ಧಾರವಾಡ ಸೀಮೆಯ ಜಯಧರ ನಾಟಿ ಹತ್ತಿ, ಎಳೆ 26. ಲಕ್ಷ್ಮಿ ಅಮೆರಿಕನ್ ಜಾತಿ, ಎಳೆ 52. ಇವೆರಡನ್ನು ಕೂಡಿಸಿದರೆ ಮಗುವಿಗೆ 39. ಜೋಡಿ ಕೂಡದೆ ಗಿಡ ಬಂಜೆಯಾಗುತ್ತದೆ. ಉದ್ದ ಎಳೆಯ ಈಜಿಪ್ಟ್ ಜಾತಿಯ ಹತ್ತಿಗೂ 52. ಅದನ್ನು ಲಕ್ಷ್ಮಿಗೆ ಕೂಡಿಸಿ 1972ರಲ್ಲಿ ಧಾರವಾಡದಲ್ಲಿ ಡಾ. ಬಿ. ಎಚ್. ಕಟರಕಿಯವರು ವರಲಕ್ಷ್ಮಿ ಹೈಬ್ರಿಡ್ ತಂದರು. ಎರಡು ಬೇರೆ ಜಾತಿಯಾದರೂ ಎಳೆಯ ಲೆಕ್ಕ ಸರಿಹೊಂದಿತ್ತು, ಗಿಡ ಕಾಯಿ ಹಿಡಿಯಿತು.

ಯುದ್ಧ ಮುಗಿದ ಮೇಲೆ 1945ರಿಂದ 1951ರವರೆಗೆ ಇಂಗ್ಲೆಂಡಿನ ರಾಯಲ್ ತೋಟಗಾರಿಕೆ ಸಂಘದ ವಿಸ್ಲಿ ತೋಟದಲ್ಲಿ ಅವರಿಗೆ ಕೆಲಸ. ಇಷ್ಟು ದಿನ ಎಳೆ ಎಣಿಸುತ್ತಿದ್ದವರು ಇಲ್ಲಿ ಎಳೆಯನ್ನು ಇಮ್ಮಡಿ ಮಾಡುವ ಕೆಲಸಕ್ಕೆ ಕೈಹಾಕಿದರು. ಕಾಲ್ಚಿಸಿನ್ ಎಂಬ ವಿಷವಸ್ತುವಿಗೆ ಒಂದು ವಿಶೇಷ ಶಕ್ತಿಯಿದೆ ಎಂದು 1937ರಲ್ಲಿ ಅಮೆರಿಕದಲ್ಲಿ ತೋರಿಸಿದ್ದರು. ಕೋಶ ಎಳೆಗಳ ಪ್ರತಿ ಮಾಡಿಕೊಂಡು ಒಡೆಯಲು ಸಿದ್ಧವಾಗಿರುವಾಗ ಈ ಔಷಧ ತಾಗಿದರೆ ಕದಿರಿನ ನಾರುಗಳು ಕಟ್ಟಿಕೊಳ್ಳುವುದಿಲ್ಲ. ಎಳೆಗಳನ್ನು ಎಳೆಯುವವರೇ ಇಲ್ಲ. ಪ್ರತಿಗಳೆಲ್ಲ ಒಂದೇ ಕೋಶದಲ್ಲಿ ಉಳಿಯುತ್ತವೆ. ಔಷಧ ತೊಳೆದುಹೋದ ಮೇಲೆ ಅದೇ ಕೋಶ ಎರಡರಷ್ಟು ಎಳೆ ಹೊತ್ತು ಮತ್ತೆ ಒಡೆಯತೊಡಗುತ್ತದೆ. ಕೋಶ ದೊಡ್ಡದು, ಎಲೆ ದಪ್ಪ, ಹೂ ದೊಡ್ಡದು. ಬಂಜೆ ಮಿಶ್ರತಳಿಗೆ ಹೀಗೆ ಮಾಡಿದರೆ ಒಂಟಿ ಎಳೆಗಳಿಗೆಲ್ಲ ಜೋಡಿ ದೊರೆತು ಬೀಜ ಕಟ್ಟುವುದೂ ಉಂಟು. ಹಾಗೆಂದು ಇಮ್ಮಡಿ ಮಾಡಿದ್ದೆಲ್ಲ ಲಾಭವಲ್ಲ. ಎಷ್ಟೋ ಗಿಡಗಳು ನಿಧಾನವಾಗಿ ಬೆಳೆಯುತ್ತವೆ, ಕಾಳು ಕಡಿಮೆಯಾಗುತ್ತದೆ. ಬೀಜವಿಲ್ಲದ ಕಲ್ಲಂಗಡಿಗೆ ಬೇಕಾದ ತಾಯಿ ತಳಿಯನ್ನು ಮಾತ್ರ ಈ ವಿಧಾನದಿಂದಲೇ ಮಾಡುತ್ತಾರೆ.

ಜಾನಕಿ ಅಮ್ಮಾಳ್ ವಿಸ್ಲಿಯಲ್ಲಿ ಮ್ಯಾಗ್ನೋಲಿಯಾ ಮರದ ಮೊಳಕೆಗಳಿಗೆ ಈ ಔಷಧ ಕೊಟ್ಟು ನೆಡಿಸಿದರು. ಅದರಲ್ಲಿ ದಪ್ಪ ದಳದ ಬಿಳಿ ಹೂವಿನ ಒಂದು ಬಗೆಗೆ ಅವರದೇ ಹೆಸರಿದೆ.

ಕಾಲ್ಚಿಸಿನ್ ವಿದೇಶದ ಗಡ್ಡೆಯಲ್ಲಿ ಮಾತ್ರ ಇದೆ ಎಂದುಕೊಳ್ಳಬೇಡಿ. ಬೇಲಿಯ ಮೇಲೆ ಹಬ್ಬಿ ಮಳೆಗಾಲದಲ್ಲಿ ಕೆಂಪು ಹಳದಿ ಹೂ ಬಿಡುವ ನಮ್ಮ ಗೌರಿ ಹೂವಿನ, ಅಂದರೆ ಅಗ್ನಿಶಿಖೆಯ, ಗಡ್ಡೆ ಮತ್ತು ಬೀಜದಲ್ಲೂ ಅದೇ ವಸ್ತುವಿದೆ. ಆ ಗಡ್ಡೆ ತಿಂದು ಪ್ರಾಣ ಹೋಗುವುದು ಇದರಿಂದಲೇ. ಮಕ್ಕಳ ಕೈಗೆ, ದನದ ಬಾಯಿಗೆ ಸಿಗದಂತೆ ನೋಡಿಕೊಳ್ಳಿ. ಅರೆದು ಬೆಳೆಗೆ ಹಾಕಿ ಪ್ರಯೋಗ ಮಾಡಲು ಖಂಡಿತ ಹೋಗಬೇಡಿ.

1951ರಲ್ಲಿ ಪ್ರಧಾನಿ ನೆಹರೂ ಕರೆದರು. ಭಾರತೀಯ ಸಸ್ಯ ಸರ್ವೇಕ್ಷಣ ಸಂಸ್ಥೆಯನ್ನು ಹೊಸದಾಗಿ ಕಟ್ಟುವ ಹೊಣೆ ಹೊತ್ತು ಜಾನಕಿ ಅಮ್ಮಾಳ್ 1952ರಲ್ಲಿ ಕಲ್ಕತ್ತೆಗೆ ಬಂದರು. ಸಂಸ್ಥೆ ಮತ್ತೆ ಎದ್ದು ನಿಂತಿತು, ಆದರೆ 1954ರಲ್ಲಿ ಮುಖ್ಯಸ್ಥರ ಸ್ಥಾನ ಬೇರೆಯವರಿಗೆ ಹೋಯಿತು. ಸರ್ಕಾರಿ ನೌಕರಿಯಲ್ಲಿರುವವರಿಗೆ ಇದರ ನೋವು ಬಿಡಿಸಿ ಹೇಳಬೇಕಾಗಿಲ್ಲ. ಅವರು ಅಲ್ಲಿಗೆ ನಿಲ್ಲಲಿಲ್ಲ. ಅಲಹಾಬಾದು, ಜಮ್ಮು, ಕೆಲಕಾಲ ಟ್ರಾಂಬೆ, ಹೀಗೆ ಹೋದಲ್ಲೆಲ್ಲ ಔಷಧಿ ಸಸ್ಯ, ಪುದೀನ, ಮಜ್ಜಿಗೆ ಹುಲ್ಲಿನ ಜಾತಿಯ ಪರಿಮಳದ ಹುಲ್ಲುಗಳ ಎಳೆ ಎಣಿಸುತ್ತ ಹೋದರು. 1955ರಲ್ಲಿ ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ, ಮನುಷ್ಯ ಭೂಮಿಯ ಮುಖವನ್ನು ಹೇಗೆ ಬದಲಿಸಿದ್ದಾನೆ ಎಂಬ ವಿಷಯದ ದೊಡ್ಡ ವಿಚಾರಗೋಷ್ಠಿ ನಡೆಯಿತು. ಅದಕ್ಕೆ ಆಹ್ವಾನ ಪಡೆದ ಏಕೈಕ ಮಹಿಳೆ ಅವರು. ಭಾರತದ ಹೊಟ್ಟೆಪಾಡಿನ ಬೇಸಾಯದ ವಿಷಯ ಅಲ್ಲಿ ಮಂಡಿಸಿದರು.

1970ರಲ್ಲಿ ಮದ್ರಾಸಿಗೆ ಬಂದು ನೆಲೆಸಿದರು. ಮದ್ರಾಸು ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ಕೇಂದ್ರದ ಗೌರವ ವಿಜ್ಞಾನಿ. ಊರಾಚೆಯ ಮಧುರವಾಯಲ್ ಪ್ರಯೋಗಶಾಲೆಯೇ ಮನೆ. 1977ರಲ್ಲಿ ಪದ್ಮಶ್ರೀ ಬಂತು. ಆ ಹೊತ್ತಿಗೆ ಕೇರಳದ ಸೈಲೆಂಟ್ ವ್ಯಾಲಿ ಕಾಡಿನಲ್ಲಿ ಕುಂತಿ ಹೊಳೆಗೆ ಅಣೆಕಟ್ಟು ಕಟ್ಟಿ ವಿದ್ಯುತ್ ತೆಗೆಯುವ ಯೋಜನೆಯ ಜಗಳ ಎದ್ದಿತ್ತು. ವಿದ್ಯುತ್ ಬೇಡವೇ ಎಂದು ನೀವು ಕೇಳಬಹುದು. ಪಂಪ್‌ಸೆಟ್ಟಿನ ರೈತ ಕೇಳಬೇಕಾದ ಪ್ರಶ್ನೆಯೇ ಅದು. ಆದರೆ ಒಮ್ಮೆ ಹಳ್ಳದ ದಂಡೆಯ ಹುಲ್ಲು ಕಬ್ಬನ್ನು ಉಳಿಸಿದ್ದನ್ನು ಕಣ್ಣಾರೆ ಎಣಿಸಿ ನೋಡಿದವರು ಜಾನಕಿ ಅಮ್ಮಾಳ್. ಕಾಡು ಮುಳುಗಿದರೆ ಮುಳುಗುವ ಗಿಡಗಳಲ್ಲಿ ಏನೇನಿದೆ ಎಂದು ಯಾರೂ ಲೆಕ್ಕ ಹಾಕಿರಲಿಲ್ಲ. ಎಂಬತ್ತು ದಾಟಿದ ವಯಸ್ಸಿನಲ್ಲಿ ಅವರು ಯೋಜನೆಯನ್ನು ವಿರೋಧಿಸಿದವರ ಜೊತೆ ನಿಂತರು, ಆ ಕಾಡಿನ ಮರಗಿಡಗಳ ವರ್ಣತಂತುಗಳ ಸಮೀಕ್ಷೆಗೂ ತೊಡಗಿದರು.

1984ರ ಫೆಬ್ರವರಿಯಲ್ಲಿ, ಮಧುರವಾಯಲ್‌ನಲ್ಲಿ ಕೆಲಸದ ನಡುವೆಯೇ ಅವರು ತೀರಿಕೊಂಡರು. ಅದಕ್ಕೆ ಮೊದಲೇ ಅಣೆಕಟ್ಟಿನ ಯೋಜನೆ ಕೈಬಿಟ್ಟುಹೋಗಿತ್ತು. ಅದೇ ವರ್ಷದ ನವೆಂಬರಿನಲ್ಲಿ ಸೈಲೆಂಟ್ ವ್ಯಾಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಣೆಯಾಯಿತು. ವಿಸ್ಲಿ ತೋಟದ ಗುಡ್ಡದ ಮೇಲೆ ಅವರು ನೆಡಿಸಿದ ಮ್ಯಾಗ್ನೋಲಿಯಾ ಮರಗಳು ಇಂದಿಗೂ ಹೂ ಬಿಡುತ್ತವೆ.